ದೂರು ಕೇಳುವ ಕಿವಿ

ನಮ್ಮ ಭಾಷೆಯಲ್ಲಿ ‘ಸಮಾಜಸೇವಕ’ ಎಂದೊಡನೆ ಫಲಾಪೇಕ್ಷೆಯಿಲ್ಲದೆ ದುಡಿಯುವ ಹಿರಿಯರೊಬ್ಬರ ಚಿತ್ರ ಮನಸ್ಸಿಗೆ ಬರುತ್ತದೆ. ಸೇವೆ ಎಂಬ ಮಾತಿಗೆ ನಾವು ಕೈಮುಗಿಯುತ್ತೇವೆ. ಅದರ ಲೆಕ್ಕ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಾದರೋ ಸಮಾಜಕಾರ್ಯವು ಸಂಬಳದ ವೃತ್ತಿ. ಮಗುವನ್ನು ಹೆತ್ತವರಿಂದ ಬೇರ್ಪಡಿಸಬೇಕೆಂದು ನ್ಯಾಯಾಲಯದ ಮುಂದೆ ವಾದಿಸುವಷ್ಟು ಹೊಣೆಯುಳ್ಳ ವೃತ್ತಿ. ಅಂಥವರು ತಪ್ಪಿ ನಡೆದರೆ ದೂರನ್ನು ಯಾರು ಕೇಳಬೇಕು, ಹೇಗೆ ಕೇಳಬೇಕು? ಆ ದೇಶ ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯನ್ನು ಈ ಹೊತ್ತು ಸಂಕ್ಷೇಪವಾಗಿ ನಿಮ್ಮ ಮುಂದಿಡುತ್ತೇನೆ.

1973ರ ಜನವರಿಯಲ್ಲಿ ಬ್ರೈಟನ್ ನಗರದ ಮರಿಯಾ ಕೋಲ್ವೆಲ್ ಎಂಬ ಏಳು ವರ್ಷದ ಬಾಲಕಿ ಮಲತಂದೆಯ ಹೊಡೆತದಿಂದ ಸತ್ತಳು. ಸೋದರತ್ತೆಯ ಮನೆಯಲ್ಲಿ ಬೆಳೆಯುತ್ತಿದ್ದ ಅವಳನ್ನು 1971ರಲ್ಲಿ ತಾಯಿಯ ಮನೆಗೆ ಮರಳಿಸಲಾಗಿತ್ತು. ಮಗು ಸೊರಗುತ್ತಿದೆಯೆಂದು ನೆರೆಯವರೂ ಶಾಲೆಯವರೂ ಮತ್ತೆ ಮತ್ತೆ ತಿಳಿಸಿದ್ದರು. 1974ರಲ್ಲಿ ಹೊರಬಂದ ವಿಚಾರಣಾ ವರದಿಯು ಹಲವು ಕಚೇರಿಗಳು ಪರಸ್ಪರ ಸುದ್ದಿ ಮುಟ್ಟಿಸದೆ ಹೋದುದನ್ನು ಎತ್ತಿ ತೋರಿಸಿತು. ಆದರೆ ಜನರ ಸಿಟ್ಟೆಲ್ಲ ಎರಗಿದ್ದು ಮಗುವಿನ ಮೇಲ್ವಿಚಾರಣೆ ನೋಡುತ್ತಿದ್ದ ಒಬ್ಬ ಕಾರ್ಯಕರ್ತೆಯ ಮೇಲೆ.

ವೈದ್ಯರ ನಡತೆಯನ್ನು ನೋಡಿಕೊಳ್ಳಲು ಬ್ರಿಟನ್ನಿನಲ್ಲಿ 1858ರಿಂದಲೂ ಪರಿಷತ್ತೊಂದಿತ್ತು. ದಾದಿಯರ ನೋಂದಣಿಗೆ 1919ರಲ್ಲಿ ಕಾನೂನು ಬಂದಿತ್ತು. ಸಮಾಜಕಾರ್ಯಕರ್ತರಿಗೆ ಮಾತ್ರ ಅಂಥ ನೋಂದಣಿ ಇರಲಿಲ್ಲ. ಶಿಸ್ತಿನ ಮಾತೆಲ್ಲ ಕೆಲಸ ಕೊಟ್ಟವರಿಗೂ ಕೆಲಸಗಾರರಿಗೂ ನಡುವಿನ ವ್ಯವಹಾರವಾಗಿತ್ತು. ಒಂದೆಡೆ ಕೆಲಸ ಕಳೆದುಕೊಂಡವನು ಇನ್ನೊಂದೆಡೆ ಸೇರದಂತೆ ತಡೆಯುವ ನಾಮಾವಳಿಯೇ ಇರಲಿಲ್ಲ.

2000ದ ಫೆಬ್ರವರಿಯಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲೆ ಲಂಡನ್ನಿನಲ್ಲಿ ಚಿತ್ರಹಿಂಸೆಯಿಂದ ಸತ್ತಳು. 2003ರಲ್ಲಿ ಲಾರ್ಡ್ ಲ್ಯಾಮಿಂಗ್ ಅವರು 108 ಶಿಫಾರಸುಗಳ ವರದಿಯನ್ನು ಕೊಟ್ಟರು. ಮೇಲಿನ ಅಧಿಕಾರಿಗಳು ಹೊಣೆ ಹೊರದೆ ಕೆಳಗಿನವರತ್ತ ಬೆರಳು ತೋರಿಸುವುದನ್ನು ಅವರು ಖಂಡಿಸಿದರು. ಆ ಪ್ರಕರಣದಲ್ಲಿ ಕೆಲಸ ಕಳೆದುಕೊಂಡ ಕಾರ್ಯಕರ್ತೆಯೊಬ್ಬರ ಮೇಲೆ, ಮಕ್ಕಳೊಡನೆ ಕೆಲಸ ಮಾಡಬಾರದೆಂಬ ನಿರ್ಬಂಧವನ್ನೂ ಹೇರಲಾಗಿತ್ತು. 2005ರಲ್ಲಿ ನ್ಯಾಯಮಂಡಳಿ ಅದನ್ನು ತೆಗೆದುಹಾಕಿತು. ಸಿಟ್ಟು ವಿಚಾರಣೆಯ ಸ್ಥಾನವನ್ನು ಆಕ್ರಮಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ನಡುವೆ, 2000ದ ಕಾನೂನಿನ ಮೇರೆಗೆ 2001ರ ಅಕ್ಟೋಬರಿನಲ್ಲಿ ಜನರಲ್ ಸೋಷಿಯಲ್ ಕೇರ್ ಕೌನ್ಸಿಲ್ ಹುಟ್ಟಿತ್ತು. 2005ರ ಏಪ್ರಿಲಿನಿಂದ, ನೋಂದಣಿಯಾಗದವರು ‘ಸೋಷಿಯಲ್ ವರ್ಕರ್’ ಎಂದು ಕರೆದುಕೊಳ್ಳುವುದೇ ಅಪರಾಧವಾಯಿತು. ಆದರೆ 2009ರಲ್ಲಿ ಈ ಪರಿಷತ್ತಿನಲ್ಲೇ 200ಕ್ಕೂ ಹೆಚ್ಚು ದೂರುಗಳು ಪರಿಶೀಲನೆಯಿಲ್ಲದೆ ಬಿದ್ದಿರುವುದು ಬೆಳಕಿಗೆ ಬಂತು. ಕಿವಿಯಿತ್ತು, ಕೇಳಿಸಿಕೊಳ್ಳುವ ವ್ಯವಧಾನವಿರಲಿಲ್ಲ. 2012ರಲ್ಲಿ ಪರಿಷತ್ತು ರದ್ದಾಗಿ, ಕೆಲಸವು ಆರೋಗ್ಯವೃತ್ತಿಗಳ ಪರಿಷತ್ತಿನ ಪಾಲಾಯಿತು. 2019ರ ಡಿಸೆಂಬರಿನಿಂದ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ಪ್ರತ್ಯೇಕ ಸಂಸ್ಥೆ ಆ ಹೊಣೆಯನ್ನು ಹೊತ್ತಿದೆ.

ಇಲ್ಲಿ ದೂರು ಸಾಗುವ ದಾರಿ ಗಮನಿಸತಕ್ಕದ್ದು. ದೂರನ್ನು ಯಾರೂ ಕೊಡಬಹುದು: ಸೇವೆ ಪಡೆದವರು, ಕೆಲಸ ಕೊಟ್ಟವರು, ಪೊಲೀಸರು. ಮೊದಲು ಅದು ಸಂಸ್ಥೆಯ ಅಧಿಕಾರದ ವ್ಯಾಪ್ತಿಗೆ ಬರುತ್ತದೆಯೇ ಎಂದು ತೂಗಿ ನೋಡುತ್ತಾರೆ. ಬಂದರೆ ದಾಖಲೆಗಳನ್ನೂ ಸಾಕ್ಷ್ಯವನ್ನೂ ಕೂಡಿಸುತ್ತಾರೆ. ಆಪಾದಿತರ ಉತ್ತರವನ್ನು ಪಡೆಯುತ್ತಾರೆ. ಅಪಾಯ ತಕ್ಷಣದ್ದಾದರೆ ತೀರ್ಪಿಗೆ ಮುಂಚೆಯೇ ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡಲು ಅವಕಾಶವುಂಟು. ಆಮೇಲೆ ಇಬ್ಬರು ಪರೀಕ್ಷಕರು ಕಡತವನ್ನು ಓದುತ್ತಾರೆ. ಒಬ್ಬರು ಅದೇ ವೃತ್ತಿಯವರು, ಇನ್ನೊಬ್ಬರು ಹೊರಗಿನವರು. ವೃತ್ತಿಯವರಿಗೆ ಕೆಲಸದ ಕಷ್ಟ ಗೊತ್ತು. ಹೊರಗಿನವರಿಗೆ ವೃತ್ತಿಬಾಂಧವ್ಯದ ದಾಕ್ಷಿಣ್ಯವಿಲ್ಲ. ಈ ಜೋಡಿಯಲ್ಲಿ ಇಡೀ ವ್ಯವಸ್ಥೆಯ ವಿವೇಕ ಅಡಗಿದೆಯೆಂದು ನನ್ನ ಭಾವನೆ.

ಪ್ರಕರಣದಲ್ಲಿ ಹುರುಳಿದ್ದು ಈ ಹಂತದಲ್ಲಿ ಇತ್ಯರ್ಥವಾಗದಿದ್ದರೆ ಮಂಡಳಿಯ ಮುಂದೆ ವಿಚಾರಣೆ. ಅಲ್ಲಿ ಬೇಕಾದುದು ಕ್ರಿಮಿನಲ್ ನ್ಯಾಯಾಲಯದ ನಿಸ್ಸಂಶಯವಾದ ರುಜುವಾತಲ್ಲ. ನಡೆದಿರುವ ಸಂಭವವೇ ಹೆಚ್ಚೆಂದು ಮನಗಂಡರೆ ಸಾಕು. ಫಲ ಎಚ್ಚರಿಕೆಯಾಗಬಹುದು, ಷರತ್ತಾಗಬಹುದು, ಅಮಾನತ್ತಾಗಬಹುದು, ನಾಮಾವಳಿಯಿಂದ ಹೆಸರು ಹೊಡೆದುಹಾಕುವುದೂ ಆಗಬಹುದು. ಉದ್ದೇಶ ದಂಡನೆಯಲ್ಲ, ಜನರ ರಕ್ಷಣೆ. ಆದುದರಿಂದ ತಪ್ಪು ನಡೆಯಿತೇ ಎಂಬುದರ ಜೊತೆಗೆ, ಈ ವ್ಯಕ್ತಿ ಇಂದು ಈ ಕೆಲಸಕ್ಕೆ ತಕ್ಕವರೇ ಎಂದೂ ಕೇಳುತ್ತಾರೆ. ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಬಹುದು.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿಯುತ್ತದೆ. ಪರಿಷತ್ತು ವಿಚಾರಿಸುವುದು ವ್ಯಕ್ತಿಯನ್ನು. ಅವರ ಮೇಜಿನ ಮೇಲೆ ಹೊರಲಾರದಷ್ಟು ಕಡತ ಹೇರಿದ ಕಚೇರಿ ಅದರ ಕಟಕಟೆಗೆ ಬರುವುದಿಲ್ಲ. ಮರಿಯಾ ಆಗಲಿ ವಿಕ್ಟೋರಿಯಾ ಆಗಲಿ ದೂರು ಬರೆಯಬಲ್ಲವರಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ದೂರನ್ನು ನ್ಯಾಯವಾಗಿ ಕೇಳುವುದು ನಾಗರಿಕತೆಯ ಲಕ್ಷಣ. ದೂರು ಹೇಳಲಾರದವರ ಮೌನವನ್ನು ಕೇಳಿಸಿಕೊಳ್ಳುವುದು ಅದಕ್ಕಿಂತ ಕಠಿಣವಾದ ಕೆಲಸ.