ಬಲೆ ತುಂಬಿದರೆ ಲಾಭವೇ?

ಪಿ.ವಿ. ನರಸಿಂಹ ರಾವ್ ಎಕ್ಸ್‌ಪ್ರೆಸ್‌ ಮಾರ್ಗದಲ್ಲಿ ಸಾಗುವಾಗ ರಾಜೇಂದ್ರನಗರದ ಬಳಿ ಮೀನಿನ ಆಕಾರದ ಕಟ್ಟಡವೊಂದು ನಮ್ಮ ಮಕ್ಕಳ ಗಮನ ಸೆಳೆಯುತ್ತದೆ. ಅದು 2006ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿಯ ಕಚೇರಿ. ಸಮುದ್ರವಿಲ್ಲದ ಊರಿನಲ್ಲಿ ಮೀನಿನ ಕಚೇರಿ! ನಮ್ಮಲ್ಲಿ ಕರಾವಳಿ ಮೂಲದ ಕುಟುಂಬಗಳೂ ಇರುವುದರಿಂದ, ಮೀನುಗಾರಿಕೆಯ ಲಾಭನಷ್ಟದ ಲೆಕ್ಕವನ್ನು ಇಲ್ಲಿ ನೋಡೋಣ.

ಮಲ್ಪೆ, ಮಂಗಳೂರುಗಳ ದೊಡ್ಡ ಟ್ರಾಲ್ ದೋಣಿಗಳು ಒಮ್ಮೆ ಹೊರಟರೆ ವಾರ, ಹತ್ತು ದಿನ ಕಡಲಿನಲ್ಲಿರುತ್ತವೆ. ಡೀಸೆಲ್, ಮಂಜುಗಡ್ಡೆ, ದಿನಸಿ, ಬಲೆಯ ದುರಸ್ತಿ ಇವೆಲ್ಲ ಮೀನು ಸಿಗುವ ಮೊದಲೇ ಆಗುವ ಖರ್ಚು. ಭಾರವಾದ ಬಲೆಯನ್ನು ಗಂಟೆಗಟ್ಟಲೆ ಎಳೆಯಬೇಕಾದುದರಿಂದ ಡೀಸೆಲ್ಲಿನದೇ ಸಿಂಹಪಾಲು. ಕರ್ನಾಟಕ ಸರ್ಕಾರ ದೋಣಿಗಳಿಗೆ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಕೊಡುವುದು ಈ ಕಾರಣಕ್ಕೇ. ಖರ್ಚು ಕಳೆದು ಉಳಿದುದರಲ್ಲಿ ಮಾಲೀಕನಿಗೂ ಕೆಲಸಗಾರರಿಗೂ ಪಾಲು ಹಂಚುವುದು ಹಳೆಯ ಪದ್ಧತಿ. ಏನೂ ಉಳಿಯದಿದ್ದರೆ ನಷ್ಟದ ಬಿಸಿ ಇಬ್ಬರಿಗೂ ತಟ್ಟುತ್ತದೆ.

ಬಲೆ ತುಂಬಿದ ಮಾತ್ರಕ್ಕೆ ಕಿಸೆ ತುಂಬುವುದಿಲ್ಲ. ಎಲ್ಲ ದೋಣಿಗಳೂ ಒಂದೇ ದಿನ ಬೂತಾಯಿ (ಉತ್ತರ ಕನ್ನಡದವರ ತಾರ್ಲೆ) ತಂದರೆ ಹರಾಜಿನಲ್ಲಿ ದರ ಕುಸಿಯುತ್ತದೆ. ಹೆಚ್ಚಾದ ಮೀನು ಎಣ್ಣೆ ಮತ್ತು ಮೀನುಪುಡಿಯ ಕಾರ್ಖಾನೆಗಳಿಗೆ ಅಗ್ಗವಾಗಿ ಹೋಗುತ್ತದೆ. ಮಂಜುಗಡ್ಡೆಯಲ್ಲಿ ಜೋಪಾನವಾಗಿಟ್ಟ ಕೆಲವೇ ಬುಟ್ಟಿ ಅಂಜಲ್ ಅಥವಾ ಮಾಂಜಿ ಅದಕ್ಕಿಂತ ಹೆಚ್ಚು ಹಣ ತಂದೀತು. ಬೇಡಿಕೆಯೂ ದೋಣಿಯ ಅನುಕೂಲ ನೋಡಿ ಬರುವುದಿಲ್ಲ. ಹೈದರಾಬಾದಿನಲ್ಲಿ ಮೃಗಶಿರ ಕಾರ್ತೆಯ ದಿನ ಮೀನು ತಿನ್ನುವ ರೂಢಿಯಿಂದಾಗಿ ಜೂನ್ ಎರಡನೆಯ ವಾರದ ಹೊತ್ತಿಗೆ ದರ ಏರುತ್ತದೆ. ಆಗ ಎರಡೂ ಕರಾವಳಿಗಳಲ್ಲಿ ಮೀನುಗಾರಿಕೆಗೆ ನಿಷೇಧ! ಲಾಭ ಬಹುಪಾಲು ಕೊಳಗಳಲ್ಲಿ ರೋಹು, ಕಾಟ್ಲಾ ಸಾಕಿದವರಿಗೆ.

ಎಲ್ಲಕ್ಕಿಂತ ಮುಖ್ಯವಾದ ಬಂಡವಾಳ ಕಡಲಿನೊಳಗಿದೆ. ಹಿಂದೆ ಊರವರು ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೂಲೆ ಸೇರಿತು. ಮೀನಿನ ಹಿಂಡು ದಡ ಮುಟ್ಟುವ ಮೊದಲೇ ಹಿಡಿಯುವ ಪೈಪೋಟಿ ಅಲ್ಲಿಂದ ಬೆಳೆಯಿತು. ಒಬ್ಬರು ದೊಡ್ಡ ಎಂಜಿನ್ ಹಾಕಿದರೆ ಉಳಿದವರೂ ಹಾಕಲೇಬೇಕು. ಖರ್ಚು ಎಲ್ಲರಿಗೂ ಏರುತ್ತದೆ, ಮೀನು ಮಾತ್ರ ಅಷ್ಟೇ. ಹವಾಮಾನವೂ ಕೈಕೊಡುತ್ತದೆ: ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿದಿತ್ತು.

ಪ್ರಖರ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಜೂನ್ 1ರಿಂದ ಜುಲೈ 31ರವರೆಗಿನ ಪಶ್ಚಿಮ ಕರಾವಳಿಯ ರಜೆಯನ್ನು ದೋಣಿಯವರು ಆದಾಯವಿಲ್ಲದ 61 ದಿನಗಳೆಂದು ಎಣಿಸುತ್ತಾರೆ. ನಾವಾದರೋ ಅದನ್ನು ಆಗಸ್ಟಿನ ಠೇವಣಿಯೆಂದೇ ಬರೆದುಕೊಳ್ಳುತ್ತೇವೆ.