ಕರಾರು ಓದುವ ವಿದ್ಯೆ

ಕೃತಿಗೆ ಪ್ರಕಾಶಕರನ್ನು ಹುಡುಕಿ, ಲೇಖಕರ ಪರವಾಗಿ ಕರಾರು ಮಾತಾಡೋದು ಸಾಹಿತ್ಯ ಏಜೆಂಟನ ಕಸುಬು. ಕನ್ನಡದಲ್ಲಿ ಆ ಕಸುಬು ಬೇರೂರಲಿಲ್ಲ. ದಲಿತ ಬರಹದ ದಾರಿಯೇ ಬೇರೆ. 1936ರಲ್ಲಿ ಜಾತ್‌ಪಾತ್ ತೋಡಕ್ ಮಂಡಲ ಸಭೆಯನ್ನೇ ರದ್ದು ಮಾಡಿದಾಗ ಅಂಬೇಡ್ಕರ್ ತಮ್ಮ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. 1500 ಪ್ರತಿಗಳು ಎರಡೇ ತಿಂಗಳಲ್ಲಿ ಮುಗಿದವು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ಸಿದ್ಧಲಿಂಗಯ್ಯನವರ ಹಾಡುಗಳನ್ನು ಕೇರಿಗೆ ಮುಟ್ಟಿಸಿದ್ದು ಚಳವಳಿಯ ಹಾಡುಗಾರರು. ಓದುಗರನ್ನು ಹುಡುಕುವ ವಿದ್ಯೆ ನಮಗಿತ್ತು. ಕರಾರು ಓದುವ ವಿದ್ಯೆ ಹಿಂದುಳಿಯಿತು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡೋದು ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಬೈಯಪ್ಪನಹಳ್ಳಿಯಲ್ಲಿ ಕೂತು ಬರೆಯೋ ಹುಡುಗಿಯ ಕತೆ ಇಂಗ್ಲಿಷಿಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸೋರು ಯಾರು? ಇದು ಬರೀ ವ್ಯಾಪಾರವಲ್ಲ, ದಲಿತ ವಿಮರ್ಶೆಯ ಪ್ರಶ್ನೆ. ಸಹಿ ಹಾಕುವ ಮುಂಚೆ ಓದೋದನ್ನು ನಾವೇ ಕಲೀಬೇಕು.