ನಂಬಿಕೊಂಡು

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಮಗ್ಗುಲಲ್ಲಿ ಒಬ್ಬ ಹೂವಿನಮ್ಮ ಕೂರುತ್ತಾರೆ. ಆಷಾಢದ ಒಂದು ಸಂಜೆ, ಮದುವೆ ಮುಂಜಿ ಏನೂ ಇಲ್ಲದ ದಿನಗಳಲ್ಲಿ, ವ್ಯಾಪಾರ ಹೇಗಮ್ಮ ಅಂತ ಕೇಳಿದೆ. "ಏನ್ ಮಾಡೋದು ಸ್ವಾಮಿ, ಇದನ್ನೇ ನಂಬ್ಕೊಂಡಿದೀವಿ" ಅಂದರು. ಅನ್ನುತ್ತಲೇ ಕನಕಾಂಬರವನ್ನು ಮೊಳಕೈಗೆ ಹಿಡಿದು ಎರಡು ಮೊಳ ಅಳೆದು, ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ದಾರ ಕಿತ್ತರು.

ಮನೆಗೆ ಬರುವಷ್ಟು ಹೊತ್ತೂ ಆ "ನಂಬ್ಕೊಂಡಿದೀವಿ" ತಲೆಯಲ್ಲಿ ಸುತ್ತುತ್ತಿತ್ತು. ಹೂವು ಇದೆ ಎಂದು ಆಕೆ ನಂಬಿಲ್ಲ. ಅದು ಬುಟ್ಟಿಯಲ್ಲೇ ಇದೆ, ನಂಬುವುದೇನು ಬಂತು? ಹೂವನ್ನು ನಂಬಿದ್ದಾರೆ. ಮಗಳ ಫೀಸು, ಮನೆ ಬಾಡಿಗೆ ಎಲ್ಲವನ್ನೂ ಅದರ ಮೇಲೆ ಹೇರಿ ಕೂತಿದ್ದಾರೆ. ಈ "ಕೊಂಡು" ಬಹಳ ಗಟ್ಟಿ ಆಳು. "ನಂಬು"ವಿನ ಬೆನ್ನಿಗೆ ಅದು ಬಂದು ನಿಂತರೆ ಅಭಿಪ್ರಾಯವೊಂದು ಜೀವನೋಪಾಯವೇ ಆಗಿಬಿಡುತ್ತದೆ. ಮಳೆಯನ್ನು ನಂಬಿಕೊಂಡು ಬಿತ್ತುವವರು, ಗಂಡನನ್ನು ನಂಬಿಕೊಂಡು ಬಂದವಳು, ಚೀಟಿ ದುಡ್ಡು ನಂಬಿಕೊಂಡು ಮನೆ ಕಟ್ಟಲು ಹೊರಟವನು. ಇವರಲ್ಲಿ ಕೈ ಸುಟ್ಟುಕೊಂಡವರೂ ಇದ್ದಾರೆ, ಆ ಮಾತು ಬೇರೆ.

ಈ ಪದದ ಮೇಲೆ ನಮ್ಮ ಬೀದಿಯ ಮೇಷ್ಟ್ರ ಮನೆಯಲ್ಲಿ ಒಂದು ದೊಡ್ಡ ಜಗಳವೇ ಆಯಿತು. ಮೇಷ್ಟ್ರು ನಿವೃತ್ತ ಕನ್ನಡ ಅಧ್ಯಾಪಕರು, ಮೂರು ತಲೆಮಾರಿನ ಪ್ರಾಟೆಸ್ಟೆಂಟ್ ಕುಟುಂಬ. ಭಾನುವಾರ ತಪ್ಪದೆ ಚರ್ಚಿಗೆ ಹೋಗಿ ಅಯ್ಯನವರ ಪ್ರಸಂಗ ಕೇಳಿ ಬರುತ್ತಾರೆ. (ಪ್ರಸಂಗ ಅಂದರೆ ಇಲ್ಲಿ ಪ್ರವಚನ, ಕರಾವಳಿಯ ನನ್ನ ಗೆಳೆಯ ಮೊದಲ ಸಲ ಕೇಳಿ, ಚೆಂಡೆ ಎಷ್ಟು ಹೊತ್ತಿಗೆ ಶುರು ಅಂತ ವಿಚಾರಿಸಿದ್ದ.) ಮೊಮ್ಮಗ ಇಂಜಿನಿಯರು. ಅಜ್ಜಿ ತೀರಿಕೊಂಡ ವರ್ಷದಿಂದ ಚರ್ಚಿನ ಕಡೆ ತಲೆ ಹಾಕಿಲ್ಲ. ಅವತ್ತು ನಾನು ಕಾಫಿಗೆ ಹೋದಾಗ ನೇರವಾಗಿ ಹೇಳಿಬಿಟ್ಟ: "ತಾತ, ದೇವರಿದ್ದಾನೆ ಅಂತ ನಂಬೋಕೆ ನನ್ನ ಕೈಲಿ ಆಗ್ತಿಲ್ಲ."

ಮೇಷ್ಟ್ರಿಗೆ ವ್ಯಾಕರಣ ಕೈಗೆ ಸಿಕ್ಕಿತು. "ಇದ್ದಾನೆ ಅಂತ ನಂಬೋದು ಬೇರೆ ಕಣೋ, ದೇವರನ್ನು ನಂಬೋದು ಬೇರೆ. ಮೊದಲನೆಯದು ಸುದ್ದಿ. ಎರಡನೆಯದು ಸಂಬಂಧ."

"ಜಾಣತನ ಮಾಡ್ಬೇಡಿ ತಾತ. ಇಲ್ಲದೇ ಇರೋನನ್ನ ನಂಬಿ ಏನು ಮಾಡ್ಲಿ?"

ಹುಡುಗನ ಏಟು ಸರಿಯಾಗಿಯೇ ಬಿತ್ತು. "ಅನ್ನು" ನಿಲ್ಲಬೇಕಾದರೆ ಕೆಳಗೆ "ಎಂದು" ಇರಲೇಬೇಕು. ಹೂವು ಬುಟ್ಟಿಯಲ್ಲಿದ್ದರೆ ತಾನೆ ಹೂವನ್ನು ನಂಬಿಕೊಳ್ಳುವುದು.

"ನಂಬು" ಅನ್ನುವ ಈ ಪದಕ್ಕೆ ಕ್ರೈಸ್ತರ ಮನೆಯಲ್ಲಿ ಇನ್ನೂರು ವರ್ಷದ ವಾಸವಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಆಮೇಲೆ ಬಂದ ವಿಲಿಯಂ ರೀವ್ ಜೊತೆ ಸೇರಿ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಪ್ರಾಟೆಸ್ಟೆಂಟರ ಸತ್ಯವೇದದಲ್ಲಿ ನೆಲೆ ನಿಂತದ್ದು "ನಂಬಿಕೆ". ಅದು ತಮಿಳಿನ ನಂಬು, ತೆಲುಗಿನ ನಮ್ಮುಗಳ ಒಡಹುಟ್ಟು. ಕ್ಯಾಥೊಲಿಕರು ಹೆಚ್ಚಾಗಿ "ವಿಶ್ವಾಸ" ಅನ್ನುತ್ತಾರೆ. ಸಂಸ್ಕೃತದ ಆ ಮಾತಿನೊಳಗೆ ಉಸಿರು, ಶ್ವಾಸ, ಇದೆ: ಭಯವಿಲ್ಲದೆ ಉಸಿರಾಡುವುದು. ಆದರೆ ನಮ್ಮ ಬಳಕೆಯಲ್ಲಿ ಅದು ಅಕ್ಕರೆಯ ಕಡೆ ವಾಲಿಬಿಟ್ಟಿದೆ. "ನಮ್ಮ ಮೇಲೆ ಬಹಳ ವಿಶ್ವಾಸ ಅವರಿಗೆ" ಅಂದರೆ ಪ್ರೀತಿ. ಕಾಗದದ ಕೊನೆಗೆ "ತಮ್ಮ ವಿಶ್ವಾಸಿ" ಅಂದರೆ ಹಿತೈಷಿ. ವಿಧಾನಸೌಧಕ್ಕೆ ಹೋದರೆ ಅದೇ ವಿಶ್ವಾಸವನ್ನು ತಲೆ ಎಣಿಸಿ ಸಾಬೀತು ಮಾಡಬೇಕು. "ನಂಬಿಕೆ"ಗೆ ಈ ಮೆರವಣಿಗೆಯಿಲ್ಲ. ಅದು ಅಡುಗೆಮನೆಯ ಪದ: ನಂಬಿಕಸ್ಥ ಕೆಲಸದಾಕೆ, ನಂಬಿಸಿ ಕತ್ತು ಕೊಯ್ದ ಭಾಮೈದ. "ಮೂಢ"ನ ಜೊತೆ ಸೇರಿದಾಗ ಮಾತ್ರ ಬೈಸಿಕೊಳ್ಳುತ್ತದೆ.

ಆ ಬೈಗುಳವನ್ನು ನಮ್ಮ ಕಡೆ ಯಾರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಎಚ್. ನರಸಿಂಹಯ್ಯನವರ ಸೀಮೆ ಇದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದವರು, ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದವರು. ಪ್ರಶ್ನೆ ಹಾಕದೆ ಏನನ್ನೂ ಒಪ್ಪಬೇಡಿ ಎನ್ನುವುದು ಅವರ ಬದುಕಿನುದ್ದದ ಮಾತು. ಮೇಷ್ಟ್ರು ಹರೆಯದಲ್ಲಿ ಆ ವೇದಿಕೆಯ ಉಪನ್ಯಾಸಗಳಿಗೆ ಹೋಗುತ್ತಿದ್ದರಂತೆ, ಭಾನುವಾರ ಚರ್ಚಿಗೂ. ಎರಡೂ ಕಡೆ ಮುಂದಿನ ಸಾಲಿನಲ್ಲೇ ಕೂರುತ್ತಿದ್ದೆ ಅನ್ನುತ್ತಾರೆ.

ಅದಕ್ಕೇ ಇರಬೇಕು, ಹುಡುಗನಿಗೆ "ಸುಮ್ನೆ ನಂಬು" ಅಂತ ಅವರು ಹೇಳಲಿಲ್ಲ. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಮೆತ್ತಗೆ ಕೊಡಿ ಎಂದು ಪೇತ್ರನ ಪತ್ರದಲ್ಲಿದೆ. ಅಲ್ಲಿನ ಗ್ರೀಕ್ ಪದ "ಅಪೊಲೊಗಿಯ", ಕೋರ್ಟಿನಲ್ಲಿ ಆಪಾದನೆಗೆ ಕೊಡುವ ಜವಾಬು. ನಾವು ಅದಕ್ಕೆ "ಸಮರ್ಥನೆ" ಅಂದುಬಿಟ್ಟರೆ ಟಿವಿಯಲ್ಲಿ ಕೂತ ಪಕ್ಷದ ವಕ್ತಾರ ನೆನಪಾಗುತ್ತಾನೆ. "ಉತ್ತರ"ವೇ ವಾಸಿ. ಉತ್ತರ ಕೊಡುವವನು ಪ್ರಶ್ನೆಯನ್ನು ಮೊದಲು ಪೂರ್ತಿ ಕೇಳಿಸಿಕೊಂಡಿರಬೇಕಲ್ಲ.

ಮೇಷ್ಟ್ರು ಸತ್ಯವೇದ ತೆಗೆದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೋರಿಸಿದರು. ಕ್ರಿಸ್ತ ಎದ್ದು ಬರದಿದ್ದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ದಂಡ ಎಂದು ಪೌಲ ತಾನೇ ಒಪ್ಪಿಕೊಳ್ಳುವ ಜಾಗ ಅದು. "ನೋಡು, ಇವನು ತಪ್ಪಿಸ್ಕೊಳ್ಳೋ ಬಾಗಿಲು ಇಟ್ಕೊಂಡಿಲ್ಲ. ನಡೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ." ಎದ್ದವನನ್ನು ಐನೂರಕ್ಕೂ ಹೆಚ್ಚು ಜನ ಕಂಡರು, ಹಲವರು ಇನ್ನೂ ಬದುಕಿದ್ದಾರೆ ಎಂದೂ ಅಲ್ಲಿದೆ. ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಣ್ಣಿನ ಸಾಕ್ಷಿಗೆ ಬೆಲೆಯಿಲ್ಲದ ಕಾಲದಲ್ಲಿ ಕಥೆ ಕಟ್ಟುವವನು ಹಾಗೆ ಕಟ್ಟುತ್ತಿರಲಿಲ್ಲ ಎಂದು ಮೇಷ್ಟ್ರು ಸೇರಿಸಿದರು.

"ಐನೂರು ಜನ ಕಂಡರು ಅಂತ ಹೇಳ್ತಿರೋನು ಒಬ್ಬನೇ ಅಲ್ವಾ ತಾತ?"

"ಹೌದು. ಒಬ್ಬನೇ."

ಆ "ಹೌದು" ನನಗೆ ಇಷ್ಟವಾಯಿತು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುವ ನಾಡಿನಲ್ಲಿ ತೋಮನಿಗೆ ಕೆಟ್ಟ ಹೆಸರು ಬರಬಾರದಿತ್ತು. ಗಾಯ ಮುಟ್ಟದೆ ನಂಬೆನೆಂದ ಆ ಶಿಷ್ಯನನ್ನು ಯೇಸು ಹೊರಗೆ ಹಾಕಲಿಲ್ಲ, ಕೈ ನೀಡಿ ಮುಟ್ಟಿನೋಡು ಅಂದ. ಸಂದೇಹಕ್ಕೆ ಮುಖ ಸಿಂಡರಿಸುವ ಭಕ್ತರಿಗಿಂತ, ಸೋತ ಪಾಯಿಂಟನ್ನು ಸೋತೆ ಎಂದು ಒಪ್ಪುವ ಈ ಮೇಷ್ಟ್ರೇ ಒಳ್ಳೆಯ ವಕೀಲರು ಅನ್ನಿಸಿತು.

ಆಮೇಲೆ ಹುಡುಗ ನಿಜವಾದ ಪ್ರಶ್ನೆಗೆ ಬಂದ. "ಅಜ್ಜಿಗೋಸ್ಕರ ಇಡೀ ಸಭೆ ಪ್ರಾರ್ಥನೆ ಮಾಡ್ತಲ್ಲ. ಏನಾಯ್ತು?"

ಮೇಷ್ಟ್ರು ಲೋಟ ಕೆಳಗಿಟ್ಟರು. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲಪ್ಪ."

ಅಡುಗೆಮನೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟಿಕ್ಕುವುದು ಕೇಳುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಸತ್ಯವೇದ ಅಜ್ಜಿಯದು, ಬಟ್ಟೆಯ ರಟ್ಟು, ಮೂಲೆಗಳೆಲ್ಲ ಸವೆದಿದ್ದವು. ಹುಡುಗ ಸುಮ್ಮನೆ ಹಾಳೆ ತಿರುವುತ್ತ ಮಾರ್ಕನ ಸುವಾರ್ತೆಯ ಒಂದು ಕಡೆ ನಿಂತ. ಕಾಯಿಲೆ ಮಗನ ತಂದೆಯೊಬ್ಬ, ನಂಬುತ್ತೇನೆ ಎಂದವನೇ ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ಸಹಾಯ ಬೇಡುವ ಜಾಗ. ಪಕ್ಕದಲ್ಲಿ ಪೆನ್ಸಿಲಿನ ಗೆರೆ, ಒಂದಲ್ಲ, ಮೂರು. ಬೇರೆ ಬೇರೆ ಸಲ ಎಳೆದ ಹಾಗೆ.

"ಇದು ನೀವು ಹಾಕಿದ್ದಾ ತಾತ?"

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ನಾನಲ್ಲ" ಅಂದರು.